ದೂರದ ಪೆಟ್ಟಿಗೆಯ ದುರಸ್ತಿ

ಗಾಜುವಾಕದಿಂದ ವಾಚಕ ಮಹಾಶಯರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಧಾರವಾಡದಲ್ಲಿ ಅವರ ತಂದೆತಾಯಿಗಳಿಬ್ಬರೇ ಇರುವರಂತೆ. ತಂದೆಯವರಿಗೆ ಎಪ್ಪತ್ತೆಂಟು. ಮನೆಗೆ ಇಂಟರ್‌ನೆಟ್ ಹಾಕಿಸಿ, ಬಾಗಿಲಿಗೊಂದು ಕ್ಯಾಮೆರಾ ಕೂಡಿಸಿ, ದಿನವೂ ರಾತ್ರಿ ಮುಖ ನೋಡಿ ಮಾತನಾಡುವ ಏರ್ಪಾಡನ್ನು ಮಗ ಮಾಡಿಕೊಂಡಿದ್ದಾರೆ. ಅಲ್ಲಿಯ ರೂಟರನ್ನು ಇಲ್ಲಿಂದಲೇ ತೆರೆದು ನೋಡುವ ಸೌಕರ್ಯವೂ ಉಂಟು. ಈಗ ಆ ರೂಟರು ‘ಹೊಸ ತಂತ್ರಾಂಶ ಬಂದಿದೆ, ಹಾಕಿಕೊಳ್ಳಲೇ?’ ಎಂದು ಪ್ರತಿದಿನವೂ ಕೇಳುತ್ತಿದೆಯಂತೆ. “ಒತ್ತಲೇ, ಬೇಡವೇ? ಒತ್ತಿದ ಮೇಲೆ ಅದು ಮತ್ತೆ ಮಾತನಾಡದೆ ಹೋದರೆ ಧಾರವಾಡಕ್ಕೆ ಹೋಗಿ ಬರಲು ನನಗೆ ರಜೆಯಿಲ್ಲ” ಎಂದು ಅವರು ಕೇಳಿದ್ದಾರೆ.

ಬಿ.ಎ. ಓದಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವ ನಮ್ಮಲ್ಲಿಗೆ ಈ ಪ್ರಶ್ನೆ ಏಕೆ ಬಂತೆಂದು ಉಳಿದವರು ಕೇಳಬಹುದು. ನಮ್ಮ ಕಚೇರಿಯ ನೆಟ್‌ವರ್ಕಿನ ಕಡತ ನಮ್ಮ ಮೇಜಿನ ಮೇಲಿದೆಯೆಂದು ಹಿಂದೊಮ್ಮೆ ಈ ಪುಟದಲ್ಲಿ ಬರೆದುದರ ಫಲವಿದು. ಕಡತವಿದ್ದವನಿಗೆ ಕೆಲಸವೂ ಗೊತ್ತಿರುವುದೆಂದು ಜನ ನಂಬುತ್ತಾರೆ. ಸರ್ಕಾರದಲ್ಲಿ ಹಾಗೇನೂ ನಿಯಮವಿಲ್ಲ. ಆದರೂ ಕೆಲಸ ಬಲ್ಲವರ ಪಕ್ಕದಲ್ಲಿ ಕುಳಿತು ನೋಡಿದ್ದು, ಕೇಳಿ ತಿಳಿದದ್ದು, ಓದಿದ್ದು ಇಷ್ಟನ್ನೂ ಸೇರಿಸಿ ಹೇಳುತ್ತೇವೆ. ಉತ್ತರ ಸ್ವಲ್ಪ ಉದ್ದವಾಗುವುದು. ಅಲ್ಲಿಯವರೆಗೆ ಗಾಜುವಾಕದ ಮಿತ್ರರು ಆ ಗುಂಡಿಯನ್ನು ಒತ್ತದಿರಬೇಕಾಗಿ ವಿನಂತಿ.

ರೂಟರೆಂದರೇನು? ವಿಜಯವಾಡ ಜಂಕ್ಷನ್ನನ್ನು ಕಾಣದ ಕನ್ನಡಿಗರು ನಮ್ಮ ಸಂಘದಲ್ಲಿ ಇರಲಾರರು. ಅಲ್ಲಿಂದ ಚೆನ್ನೈ ಕಡೆಗೊಂದು ದಾರಿ, ಕಾಜಿಪೇಟೆಯ ಕಡೆಗೊಂದು, ಗುಂಟೂರಿಗೊಂದು, ಗುಡಿವಾಡಕ್ಕೊಂದು, ನಮ್ಮ ವಿಶಾಖಪಟ್ಟಣಕ್ಕೊಂದು. ಬಂದ ಗಾಡಿಯನ್ನು ಯಾವ ದಾರಿಗೆ ಬಿಡಬೇಕೆಂಬ ಪಟ್ಟಿ ಅಲ್ಲಿಯವರ ಕೈಯಲ್ಲಿರುತ್ತದೆ. ಏಲೂರಿನ ದಾರಿಯಲ್ಲಿ ಕೆಲಸ ನಡೆದಿದ್ದರೆ ಗಾಡಿಯನ್ನು ಗುಡಿವಾಡ, ಭೀಮಾವರಂ ಮೇಲೆ ಸುತ್ತಿಸಿ ನಿಡದವೋಲಿನಲ್ಲಿ ಮತ್ತೆ ಮುಖ್ಯ ದಾರಿಗೆ ಸೇರಿಸುವುದುಂಟು. ವಿಶಾಖಪಟ್ಟಣದ ಒಳಕ್ಕೆ ಬಾರದೆ ದುವ್ವಾಡದಿಂದಲೇ ಪಕ್ಕಕ್ಕೆ ಸರಿದು ಉತ್ತರಕ್ಕೆ ಹೋಗುವ ಗಾಡಿಗಳನ್ನೂ ನಾವು ಬಲ್ಲೆವು. ನಡುರಾತ್ರಿ ದುವ್ವಾಡದಲ್ಲಿಳಿದು ಆಟೋದವನೊಡನೆ ಜಗಳವಾಡಿದವರು ಅದನ್ನು ಮರೆಯಲಾರರು. ರೂಟರು ಮಾಡುವ ಕೆಲಸವೂ ಇಷ್ಟೇ. ಗಾಡಿಯ ಬದಲು ಸಂದೇಶದ ತುಣುಕುಗಳು, ಊರಿನ ಬದಲು ವಿಳಾಸಗಳು.

ಆ ಪಟ್ಟಿಯನ್ನು ಬರೆಯುವುದೇ ಮಾರ್ಗದ ತಂತ್ರಾಂಶ. ದೊಡ್ಡ ಜಾಲಗಳಲ್ಲಿ ರೂಟರುಗಳು ನೆರೆಮನೆಯವರಂತೆ ಒಂದನ್ನೊಂದು ಕೂಗಿ ಮಾತನಾಡಿಸುತ್ತಲೇ ಇರುತ್ತವೆ. ‘ನಾನಿದ್ದೇನೆ, ನನ್ನ ಮೂಲಕ ಇಂತಿಂಥ ಊರಿಗೆ ದಾರಿಯುಂಟು’ ಎಂದು ಒಂದು ಹೇಳಿದರೆ ಇನ್ನೊಂದು ಬರೆದುಕೊಳ್ಳುತ್ತದೆ. ಬಹಳವಾಗಿ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಈ ಕೂಗು ಹತ್ತು ಸೆಕೆಂಡಿಗೊಮ್ಮೆ. ನಲವತ್ತು ಸೆಕೆಂಡು ಕೂಗು ಕೇಳಿಸದಿದ್ದರೆ ನೆರೆಯವನು ಇಲ್ಲವೆಂದೇ ತಿಳಿದು, ಅವನ ಮೂಲಕ ಹೋಗುವ ದಾರಿಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕುತ್ತದೆ. ದೇಶದೇಶಗಳ ನಡುವೆ, ಕಂಪೆನಿ ಕಂಪೆನಿಗಳ ನಡುವೆ ನಡೆಯುವ ಪದ್ಧತಿಯಲ್ಲಿ ತಾಳ್ಮೆ ಕೊಂಚ ಹೆಚ್ಚು; ಒಂದೂವರೆ ನಿಮಿಷವೋ ಮೂರು ನಿಮಿಷವೋ ಕಾಯುತ್ತಾರೆ.

ಈಗ ತೊಡಕು ಎಲ್ಲಿದೆ ನೋಡಿ. ವಿಜಯವಾಡದಲ್ಲಿ ಕುಳಿತವನೊಬ್ಬ ವಿಶಾಖಪಟ್ಟಣದ ರೂಟರಿಗೆ ಹೊಸ ತಂತ್ರಾಂಶ ಹಾಕಬೇಕು. ಅವನ ಆಜ್ಞೆ ಹೋಗುವುದು ಅದೇ ರೂಟರು ತೋರಿಸಿಕೊಟ್ಟ ದಾರಿಯಲ್ಲಿ. ಹಳೆಯ ತಂತ್ರಾಂಶವನ್ನು ನಿಲ್ಲಿಸಿದೊಡನೆ ದಾರಿಯೂ ಹೋಯಿತು, ‘ಹೊಸದನ್ನು ಆರಂಭಿಸು’ ಎಂಬ ಮುಂದಿನ ಆಜ್ಞೆಯೂ ಹೋಯಿತು. ಕುಳಿತ ಕೊಂಬೆಗೇ ಕೊಡಲಿ ಹಾಕಿದಂತೆ. ವ್ಯತ್ಯಾಸವಿಷ್ಟೆ: ಇಲ್ಲಿ ಬೀಳುವವನು ವಿಜಯವಾಡದಲ್ಲಿ ಕುರ್ಚಿಯ ಮೇಲೆ ಸುಖವಾಗಿಯೇ ಇರುತ್ತಾನೆ, ಪೆಟ್ಟಾಗುವುದು ವಿಶಾಖಪಟ್ಟಣದಲ್ಲಿ ಸಾಲು ನಿಂತವರಿಗೆ.

ಹಾಗಾದರೆ ಹೊಸದು ಹಾಕುವುದೇ ಬೇಡ, ನಡೆಯುತ್ತಿರುವುದನ್ನು ಏಕೆ ಕೆಣಕಬೇಕು ಎನ್ನುವ ಹಿರಿಯರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಅವರ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. 2018ರ ಮೇ ತಿಂಗಳಲ್ಲಿ ಹೊರಬಿದ್ದ ‘ವಿಪಿಎನ್ ಫಿಲ್ಟರ್’ ಎಂಬ ಕಳ್ಳ ತಂತ್ರಾಂಶ 54 ದೇಶಗಳಲ್ಲಿ ಸುಮಾರು ಐದು ಲಕ್ಷ ರೂಟರುಗಳಿಗೂ ಅಂಥ ಪೆಟ್ಟಿಗೆಗಳಿಗೂ ಹೊಕ್ಕಿತ್ತು. ಅವುಗಳಲ್ಲಿ ಹೆಚ್ಚಿನವು ಮನೆಗಳಲ್ಲೂ ಸಣ್ಣ ಕಚೇರಿಗಳಲ್ಲೂ ಇದ್ದ ಸಾಧಾರಣ ಪೆಟ್ಟಿಗೆಗಳು. ಹಳೆಯ ತಂತ್ರಾಂಶದ ಬಿರುಕುಗಳು ಕಳ್ಳರಿಗೆ ಚೆನ್ನಾಗಿ ಗೊತ್ತಿರುತ್ತವೆ. ಹಾಕಲೇಬೇಕು, ಹೇಗೆ ಹಾಕಬೇಕೆಂಬುದೇ ಪ್ರಶ್ನೆ.

2021ರ ಅಕ್ಟೋಬರ್ 4, ಸೋಮವಾರ ರಾತ್ರಿ ವಾಚಕರಿಗೆ ನೆನಪಿರಬಹುದು. ನವರಾತ್ರಿಗೆ ಇನ್ನು ಮೂರೇ ದಿನ. ಒಂಬತ್ತು ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆ ಎಲ್ಲರ ವಾಟ್ಸಾಪೂ ನಿಂತಿತು. ಬೊಂಬೆಗಳ ಚಿತ್ರ ಕಳಿಸುತ್ತಿದ್ದ ನಮ್ಮ ಮನೆಯವರು ನಮ್ಮ ಫೋನನ್ನೇ ಬೈದರು. ಆದುದೇನೆಂದರೆ, ಫೇಸ್‌ಬುಕ್ ಕಂಪೆನಿಯವರು ತಮ್ಮ ಮುಖ್ಯ ಜಾಲದಲ್ಲಿ ಎಷ್ಟು ಸಾಮರ್ಥ್ಯವಿದೆಯೆಂದು ಅಳೆಯಲು ಒಂದು ಆಜ್ಞೆ ಕೊಟ್ಟರು. ಆ ಆಜ್ಞೆ ಅವರ ಜಾಲದ ಕೊಂಡಿಗಳನ್ನೇ ಕಳಚಿಬಿಟ್ಟಿತು. ತಪ್ಪು ಆಜ್ಞೆಯನ್ನು ತಡೆಯಬೇಕಾಗಿದ್ದ ಪರೀಕ್ಷಕ ತಂತ್ರಾಂಶದಲ್ಲೇ ದೋಷವಿತ್ತು. ಕೇಂದ್ರಗಳು ಕಾಣದೆ ಹೋದುದರಿಂದ ಅವರ ಹೆಸರು ಹೇಳುವ ಯಂತ್ರಗಳು ‘ನಮ್ಮ ಕಡೆಗೆ ದಾರಿಯಿಲ್ಲ’ ಎಂದು ತಮ್ಮ ಮಾರ್ಗಗಳನ್ನು ತಾವೇ ಹಿಂತೆಗೆದುಕೊಂಡವು.

ಇಷ್ಟೇ ಆಗಿದ್ದರೆ ಅರ್ಧ ಗಂಟೆಯಲ್ಲಿ ಸರಿಯಾಗುತ್ತಿತ್ತೇನೋ. ಆದರೆ ಆಪತ್ಕಾಲಕ್ಕೆಂದು ಇಟ್ಟುಕೊಂಡಿದ್ದ ಬೇರೆ ದಾರಿಯೂ ಆ ಹೊತ್ತಿಗೆ ಕೆಲಸ ಮಾಡಲಿಲ್ಲ. ಇಂಜಿನಿಯರುಗಳು ಖುದ್ದಾಗಿ ಕೇಂದ್ರಗಳಿಗೆ ಹೋಗಬೇಕಾಯಿತು. ಅಂಥ ಕಟ್ಟಡಗಳೊಳಗೆ ಯಾರೂ ಸುಲಭವಾಗಿ ನುಗ್ಗಬಾರದೆಂದೇ ಕಾವಲು. ಒಳಗೆ ಹೋದ ಮೇಲೂ ಯಂತ್ರಗಳನ್ನು ಸುಲಭವಾಗಿ ಮುಟ್ಟಬಾರದೆಂದು ಇನ್ನೊಂದು ಕಾವಲು. ಒಟ್ಟು ಸುಮಾರು ಆರು ಗಂಟೆ ಕಾಲ ಪ್ರಪಂಚವೆಲ್ಲ ಮೌನ. ನಮಗೇನೋ ಒಂದು ರಾತ್ರಿ ನೆಮ್ಮದಿಯ ನಿದ್ದೆ ಬಂತೆನ್ನಿ.

ಮರುವರ್ಷ ಕೆನಡಾದಲ್ಲಿ ನಡೆದುದರಲ್ಲಿ ನಗುವುದಕ್ಕೆ ಏನೂ ಇಲ್ಲ. 2022ರ ಜುಲೈ 8ರ ಬೆಳಗಿನ ಜಾವ ರಾಜರ್ಸ್ ಎಂಬ ಕಂಪೆನಿ ತನ್ನ ಜಾಲದ ನಡುಭಾಗವನ್ನು ಹೊಸದು ಮಾಡುತ್ತಿತ್ತು. ಏಳು ಹಂತಗಳ ಕೆಲಸ. ಐದು ಹಂತ ಸುಸೂತ್ರವಾಗಿ ಮುಗಿದಿದ್ದವು. ಮೊದಲು ‘ಅಪಾಯ ಹೆಚ್ಚು’ ಎಂದು ಗುರುತು ಹಾಕಿಕೊಂಡಿದ್ದವರು, ಐದು ಸಲ ಏನೂ ಆಗಲಿಲ್ಲವೆಂಬ ಲೆಕ್ಕದ ಮೇಲೆ ಆರನೆಯದಕ್ಕೆ ‘ಅಪಾಯ ಕಡಿಮೆ’ ಎಂದು ಬದಲಾಯಿಸಿಕೊಂಡಿದ್ದರು. ಆ ಆರನೆಯ ಹಂತದಲ್ಲಿ ಒಂದು ಜರಡಿಯನ್ನು ತೆಗೆದರು. ಜರಡಿಯೆಂದರೆ, ಹೊರಗಿನ ಲಕ್ಷಾಂತರ ಮಾರ್ಗಗಳೆಲ್ಲ ಒಳಗಿನ ರೂಟರುಗಳ ಮೇಲೆ ಒಮ್ಮೆಲೇ ಬೀಳದಂತೆ ತಡೆಯುವ ನಿಯಮ. ಅದು ಹೋದೊಡನೆ ನಡುಭಾಗದ ರೂಟರುಗಳು ಉಸಿರುಕಟ್ಟಿ ಬಿದ್ದವು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಫೋನಿಲ್ಲ, ಇಂಟರ್‌ನೆಟ್ಟಿಲ್ಲ. ಅಂಗಡಿಗಳಲ್ಲಿ ಬ್ಯಾಂಕಿನ ಕಾರ್ಡು ನಡೆಯಲಿಲ್ಲ. ಎಷ್ಟೋ ಜನರ ತುರ್ತು ಕರೆಗಳು ಹೋಗಲಿಲ್ಲ.

ಬಿದ್ದ ರೂಟರನ್ನು ದೂರದಿಂದ ನೋಡಲು ಅವರಿಗಿದ್ದ ಜಾಲವೂ ಆ ನಡುಭಾಗವನ್ನೇ ನೆಚ್ಚಿಕೊಂಡಿತ್ತು. ಅದಕ್ಕಿಂತ ವಿಚಿತ್ರವೆಂದರೆ, ಕಂಪೆನಿಯ ನೌಕರರು ಒಬ್ಬರಿಗೊಬ್ಬರು ಮಾತನಾಡಲು ನಂಬಿದ್ದುದೂ ತಮ್ಮ ಕಂಪೆನಿಯ ಫೋನನ್ನೇ. ಬೇರೆ ಕಂಪೆನಿಯ ಸಿಮ್ಮುಗಳನ್ನು ಹಂಚಬೇಕಾಯಿತು. ಕಾರಣ ಯಾವುದೆಂದು ಗುರುತು ಹಿಡಿಯಲು ಸುಮಾರು ಹದಿನಾಲ್ಕು ಗಂಟೆ ಹಿಡಿಯಿತು. ನಮಗೆ ಈ ವರದಿಯನ್ನು ಓದಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಾಗಿದ್ದು ಆ ‘ಅಪಾಯ ಕಡಿಮೆ’ ಎಂಬ ಷರಾ. ಐದು ಸಲ ಸರಿಯಾಗಿ ನಡೆದದ್ದು ಆರನೆಯ ಸಲಕ್ಕೆ ಪ್ರಮಾಣಪತ್ರ ಹೇಗಾದೀತು? ನಮ್ಮ ಕಚೇರಿಗಳಲ್ಲೂ ‘ಹಿಂದಿನಂತೆಯೇ’ ಎಂದು ಬರೆದು ಕಡತ ದಾಟಿಸುವುದುಂಟಷ್ಟೆ.

ಆಸ್ಟ್ರೇಲಿಯಾದ ಆಪ್ಟಸ್ ಕಂಪೆನಿಗೆ ಎರಡು ಸಲ ಪೆಟ್ಟು ಬಿತ್ತು. 2023ರ ನವೆಂಬರ್ 8ರಂದು, ಬೇರೆ ದೇಶದಲ್ಲಿದ್ದ ಒಂದು ಕೂಡುಸ್ಥಳದಲ್ಲಿ ತಂತ್ರಾಂಶ ಬದಲಾಯಿಸಿದಾಗ ಮಾರ್ಗಗಳ ಸುದ್ದಿ ಪ್ರವಾಹದಂತೆ ಹರಿದು ಬಂತು. ಸುಮಾರು ತೊಂಬತ್ತು ರೂಟರುಗಳು ಆತ್ಮರಕ್ಷಣೆಗೆಂದು ತಾವೇ ಕೊಂಡಿ ಕಳಚಿಕೊಂಡವು. ಅಷ್ಟು ದೊಡ್ಡ ದೇಶದಲ್ಲಿ ಊರೂರಿಗೆ ಆಳು ಕಳಿಸಿ ಅವುಗಳಲ್ಲಿ ಹಲವನ್ನು ಕೈಯಿಂದಲೇ ಎಬ್ಬಿಸಬೇಕಾಯಿತು. ಆ ದಿನ 2,145 ಜನರ ತುರ್ತು ಕರೆ ಹೋಗಲಿಲ್ಲ. ಎರಡು ವರ್ಷವೂ ತುಂಬಿರಲಿಲ್ಲ. 2025ರ ಸೆಪ್ಟೆಂಬರ್ 18ರಂದು ಜಾಲದ ಕಾವಲು ಯಂತ್ರವೊಂದಕ್ಕೆ ಹೊಸ ತಂತ್ರಾಂಶ ಹಾಕುವಾಗ ತುರ್ತು ಕರೆಗಳ ದಾರಿ ಮತ್ತೆ ಕಟ್ಟಿತು. ಸುಮಾರು ಹದಿನಾಲ್ಕು ಗಂಟೆ ಕಾಲ ಅದು ಯಾರ ಗಮನಕ್ಕೂ ಸರಿಯಾಗಿ ಬರಲಿಲ್ಲ, ಏಕೆಂದರೆ ಉಳಿದ ಕರೆಗಳು ಹೋಗುತ್ತಲೇ ಇದ್ದವು. ಕರೆ ತಲುಪದ ಮನೆಗಳಲ್ಲಿ ಸಾವುಗಳೂ ಆದವು. ನಮ್ಮಲ್ಲಿ 112 ಇರುವಂತೆ ಅಲ್ಲಿ ಮೂರು ಸೊನ್ನೆ. ರಾತ್ರಿ ಎದೆನೋವೆಂದು ಮುದುಕರೊಬ್ಬರು ಮೂರು ಸೊನ್ನೆ ಒತ್ತಿದಾಗ ಆಚೆ ಕಡೆ ಯಾರೂ ಇಲ್ಲ.

ಆದುದರಿಂದ ಈ ಕೆಲಸಕ್ಕೆ ಎರಡು ಕಾವಲು ಬೇಕು. ತಾನಿರುವ ದಾರಿಗೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ದಾರಿ ಒಂದು. ನಾವು ಹಿಂದಿರುಗಿ ಬಂದು ‘ಸರಿಯಿದೆ’ ಎನ್ನದಿದ್ದರೆ ಯಂತ್ರವೇ ತನ್ನ ಹಳೆಯ ಸ್ಥಿತಿಗೆ ಮರಳುವ ಏರ್ಪಾಡು ಇನ್ನೊಂದು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಬೈಯುವುದುಂಟು. ರೂಟರಿನ ವಿಷಯದಲ್ಲಿ ಆ ಪೋರನೇ ಜಾಣ.

ಎರಡನೆಯ ಕಾವಲನ್ನು ನೀವೆಲ್ಲರೂ ಕಂಡಿದ್ದೀರಿ. ಕಂಪ್ಯೂಟರಿನ ಪರದೆಯ ಅಳತೆಯನ್ನು ಬದಲಾಯಿಸಿದರೆ ವಿಂಡೋಸ್ ‘ಹೀಗೇ ಇರಲೇ?’ ಎಂದು ಕೇಳಿ ಹದಿನೈದು ಸೆಕೆಂಡು ಎಣಿಸುತ್ತದೆ. ಪರದೆ ಕಪ್ಪಾಗಿಹೋದರೆ ನೀವು ಹೌದೆನ್ನಲಾರಿರಿ. ಆಗ ಅದು ತಾನಾಗಿಯೇ ಹಳೆಯ ಅಳತೆಗೆ ಬರುತ್ತದೆ. ಜ್ಯೂನಿಪರ್ ಕಂಪೆನಿಯ ರೂಟರುಗಳಲ್ಲಿ ಇದೇ ಉಪಾಯಕ್ಕೆ ‘ಕಮಿಟ್ ಕನ್ಫರ್ಮ್ಡ್’ ಎಂಬ ಆಜ್ಞೆಯುಂಟು; ಬೇರೆ ಹೇಳದಿದ್ದರೆ ಹತ್ತು ನಿಮಿಷ ಕಾಯುತ್ತದೆ. ಸಿಸ್ಕೊ ರೂಟರುಗಳಲ್ಲಿ ‘ಇಷ್ಟು ನಿಮಿಷಕ್ಕೆ ಮತ್ತೆ ಆರಂಭವಾಗು’ ಎಂದು ಮೊದಲೇ ಹೇಳಿಟ್ಟು ಕೆಲಸ ಮಾಡುತ್ತಾರೆ. ಎಲ್ಲ ಸರಿಹೋದರೆ ಆ ಆಜ್ಞೆಯನ್ನು ರದ್ದು ಮಾಡುತ್ತಾರೆ. ಇದರಲ್ಲೊಂದು ಎಚ್ಚರಿಕೆ: ಹೊಸ ಏರ್ಪಾಡನ್ನು ಪರೀಕ್ಷಿಸುವ ಮೊದಲೇ ಉಳಿಸಿಬಿಟ್ಟರೆ, ಮತ್ತೆ ಆರಂಭವಾದ ರೂಟರು ಆ ಕೆಟ್ಟ ಏರ್ಪಾಡಿನಲ್ಲೇ ಏಳುತ್ತದೆ. ಇನ್ನೊಂದು: ಇದು ಏರ್ಪಾಡನ್ನು ಹಿಂತಿರುಗಿಸುತ್ತದೆಯೇ ಹೊರತು ತಂತ್ರಾಂಶವನ್ನೇ ಅಲ್ಲ. ತಂತ್ರಾಂಶ ಹಿಂತಿರುಗಬೇಕಾದರೆ ಹಳೆಯ ಪ್ರತಿಯೂ ಪೆಟ್ಟಿಗೆಯಲ್ಲಿ ಇರಬೇಕು. ಜಾಗವಿಲ್ಲವೆಂದು ಹಳೆಯದನ್ನು ಅಳಿಸಿ ಹೊಸದನ್ನು ತುಂಬುವುದು, ಹೊಸ ಮನೆಯ ಬೀಗದ ಕೈ ಸಿಕ್ಕುವ ಮೊದಲೇ ಹಳೆಯ ಮನೆ ಖಾಲಿ ಮಾಡಿದಂತೆ. ವರ್ಗವಾಗಿ ಊರೂರು ತಿರುಗಿದ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗಾಜುವಾಕದ ಮಿತ್ರರ ಪ್ರಶ್ನೆಗೆ ಬರೋಣ. ಮೊದಲು ಆ ರೂಟರು ಅವರು ಕೊಂಡದ್ದೋ, ಇಂಟರ್‌ನೆಟ್ ಕೊಡುವವರು ತಂದಿಟ್ಟದ್ದೋ ವಿಚಾರಿಸಲಿ. ಕಂಪೆನಿಯದಾದರೆ ಅವರೇ ಹಾಕುವುದುಂಟು, ಕೇಳಿದರೆ ಹೇಳುತ್ತಾರೆ. ಸ್ವಂತದ್ದಾದರೆ ನಮ್ಮ ಸಲಹೆ ಇದು: ತೀರ ಅವಸರದ ಬಿರುಕು ಮುಚ್ಚುವುದಕ್ಕಲ್ಲದಿದ್ದರೆ ದೀಪಾವಳಿಗೆ ಊರಿಗೆ ಹೋದಾಗ ಹಾಕಲಿ. ಅದನ್ನೂ ಹೋದ ದಿನ ಹಾಕಲಿ, ಹೊರಡುವ ದಿನವಲ್ಲ. ಪೆಟ್ಟಿಗೆಯ ಬೆನ್ನ ಮೇಲಿರುವ ಮಾದರಿಯ ಹೆಸರನ್ನೂ ಅದರ ಮುಂದಿನ ಆವೃತ್ತಿಯ ಸಂಖ್ಯೆಯನ್ನೂ ನೋಡಿಕೊಳ್ಳಲಿ. ಒಂದೇ ಹೆಸರಿನ ಎರಡು ಆವೃತ್ತಿಗಳಿಗೆ ಬೇರೆ ಬೇರೆ ತಂತ್ರಾಂಶವಿರುತ್ತದೆ, ಒಂದರದು ಇನ್ನೊಂದಕ್ಕೆ ಹೋದರೆ ಪೆಟ್ಟಿಗೆ ಕಲ್ಲಾಗುವುದು. ಕಂಪೆನಿಯವರು ಕೊಟ್ಟ ಬಳಕೆದಾರನ ಹೆಸರು, ಗುಪ್ತಪದಗಳನ್ನು ಒಂದು ಕಾಗದದ ಮೇಲೆ ಬರೆದು ತಾಯಿಯವರ ಕೈಗೆ ಕೊಡಲಿ. ಮನೆಯಲ್ಲಿ ಯಾವ ಕಾಗದ ಎಲ್ಲಿದೆಯೆಂದು ಬಲ್ಲವರು ಅವರೇ.

ದೂರದಿಂದಲೇ ಹಾಕಬೇಕಾಗಿ ಬಂದರೆ? ತಂದೆಯವರ ಮೊಬೈಲು ಮನೆಯ ಇಂಟರ್‌ನೆಟ್ಟಿನ ಕಂಪೆನಿಯದೇ ಆಗಿದ್ದರೆ ಮೊದಲು ಬೇರೆ ಕಂಪೆನಿಯ ಒಂದು ಸಿಮ್ಮು ಹಾಕಿಸಲಿ. ಕೆನಡಾದಲ್ಲಿ ಫೋನೂ ಇಂಟರ್‌ನೆಟ್ಟೂ ಒಂದೇ ಕಂಪೆನಿಯದಾಗಿದ್ದ ಮನೆಗಳಿಗೆ ಆ ದಿನ ಏನೂ ಉಳಿಯಲಿಲ್ಲ. ಹೊಸ ತಂತ್ರಾಂಶ ಪೂರ್ತಿಯಾಗಿ ಪೆಟ್ಟಿಗೆಗೆ ಇಳಿದ ಮೇಲೆ ಅದಕ್ಕೆ ಇಂಟರ್‌ನೆಟ್ಟಿನ ಅಗತ್ಯವಿಲ್ಲ, ಕರೆಂಟಿನ ಅಗತ್ಯ ಮಾತ್ರ ಪ್ರಾಣದಷ್ಟು. ಗುಡುಗು ಮಳೆಯ ಸಂಜೆ ಬೇಡ. ಬೆಳಿಗ್ಗೆ ಹತ್ತು ಗಂಟೆಗೆ, ತಂದೆಯವರ ತಿಂಡಿ ಮುಗಿದ ಮೇಲೆ, ಫೋನಿನಲ್ಲಿ ಮಾತನಾಡುತ್ತಲೇ ಮಾಡಲಿ. ದೀಪಗಳು ಆರಿ ಹತ್ತುತ್ತವೆ, ಹತ್ತು ನಿಮಿಷ ಯಾರೂ ಮುಟ್ಟಬಾರದು ಎಂದು ಮೊದಲೇ ಹೇಳಿಡಲಿ. ಆಮೇಲೂ ಏಳದಿದ್ದರೆ ಗೋಡೆಯ ಸ್ವಿಚ್ಚನ್ನು ಆರಿಸಿ ಹಾಕಬಹುದು. ಬೆನ್ನಿನಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತೊಂದಿರುವುದು. ಅದರಲ್ಲಿ ಯಾವ ಕಾರಣಕ್ಕೂ ಕಡ್ಡಿ ಆಡಿಸಬಾರದು. ಅದು ಎಲ್ಲ ಏರ್ಪಾಡನ್ನೂ ಅಳಿಸಿಬಿಡುವುದು. ಮತ್ತೊಂದು ಮಾತು, ಅವರು ಕೇಳದಿದ್ದರೂ ಹೇಳುತ್ತೇವೆ. ರೂಟರನ್ನು ಹೊರಗಿನಿಂದ ತೆರೆಯುವ ಬಾಗಿಲು ಅವರೊಬ್ಬರಿಗೇ ಅಲ್ಲ, ಪ್ರಪಂಚಕ್ಕೆಲ್ಲ ತೆರೆದಿರುವುದು. ಕೆಲಸವಿಲ್ಲದಾಗ ಅದನ್ನು ಮುಚ್ಚಿಡುವುದು ಒಳ್ಳೆಯದು.

ಕಚೇರಿಯ ಮಾತೇ ಬೇರೆ; ಅಲ್ಲಿ ದೀಪಾವಳಿಯವರೆಗೆ ಕಾಯಲಾಗದು. ನಮ್ಮದಲ್ಲದ ಒಂದು ಕಚೇರಿಯಲ್ಲಿ, ಅದರ ಹೆಸರು ಬೇಡ, ವಿಜಯವಾಡದಲ್ಲಿ ಕುಳಿತವರೊಬ್ಬರು ಶುಕ್ರವಾರ ಸಂಜೆ ಐದೂವರೆಗೆ ವಿಶಾಖಪಟ್ಟಣದ ಶಾಖೆಯ ರೂಟರಿಗೆ ಹೊಸ ತಂತ್ರಾಂಶ ಹಾಕಿದರು. ನಡುವೆ ಅವರ ಕೊಂಡಿಯೇ ಕಡಿದುಹೋಯಿತು. ಕೊಂಡಿ ಕಡಿದರೆ ಅರ್ಧ ನಡೆದ ಕೆಲಸವೂ ಅಲ್ಲಿಗೇ ನಿಲ್ಲುವಂತೆ ಅವರು ಅದನ್ನು ನಡೆಸಿದ್ದರು. ಹಳೆಯದು ತೆಗೆದಾಗಿತ್ತು, ಹೊಸದು ಕೂತಿರಲಿಲ್ಲ. ತಿಂಗಳ ಕೊನೆ, ಬಿಲ್ಲುಗಳೆಲ್ಲ ಕಂಪ್ಯೂಟರಿನ ಮೇಲೆಯೇ ಹೋಗುವ ಕಾಲ. ಶಾಖೆಯವರು ಸೋಮವಾರ ಮಧ್ಯಾಹ್ನದವರೆಗೆ ಕೈಕಟ್ಟಿ ಕುಳಿತರು. ಅಲ್ಲಿಗೆ ಬಂದಿದ್ದ ಪಿಂಚಣಿದಾರರಲ್ಲಿ ನಮ್ಮ ಪರಿಚಯದ ಕನ್ನಡದ ಅಜ್ಜಿಯೊಬ್ಬರಿದ್ದರು. ಗಂಡನ ಪಿಂಚಣಿ ಕುಟುಂಬ ಪಿಂಚಣಿಯಾಗಿ ತಮಗೆ ಬರಬೇಕಾಗಿದ್ದ ಕಾಗದಕ್ಕಾಗಿ ಅವರು ಮೂರನೆಯ ಸಲ ಬಂದಿದ್ದರು. “ಸರ್ವರ್ ಇಲ್ಲವಂತಪ್ಪಾ. ಯಾವಾಗ ಬರ್ತಾರಂತೆ ಅವರು?” ಎಂದು ನಮ್ಮನ್ನೇ ಕೇಳಿದರು. ಸರ್ವರೆಂದರೆ ಯಾರೋ ಅಧಿಕಾರಿಯೆಂದು ಅವರ ತಿಳಿವಳಿಕೆ. ಅದು ಅಷ್ಟೇನೂ ತಪ್ಪಲ್ಲ.

ನಮ್ಮ ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ ಶ್ರೀಕಾಕುಳಂ ಕಡೆಯವನು. ಗುತ್ತಿಗೆಯ ನೌಕರ, ನಮಗಿಂತ ಹತ್ತು ವರ್ಷ ಕಿರಿಯ. ಅವನು ಈ ಕೆಲಸಕ್ಕೆ ರಜೆಯ ದಿನದ ಬೆಳಿಗ್ಗೆಯನ್ನೇ ಆರಿಸುತ್ತಾನೆ. “ಎಲ್ಲರೂ ನಡುರಾತ್ರಿ ಮಾಡುತ್ತಾರಲ್ಲಪ್ಪಾ?” ಎಂದು ನಾವು ಕೇಳಿದ್ದುಂಟು. “ನಡುರಾತ್ರಿ ಕೆಟ್ಟರೆ ಯಾರನ್ನು ಎಬ್ಬಿಸೋದು ಸಾರ್? ಬೆಳಿಗ್ಗೆ ಕೆಟ್ಟರೆ ಮಧ್ಯಾಹ್ನದ ಗಾಡಿ ಹಿಡಿದರೆ ರಾತ್ರಿಗೆ ವೈಜಾಗಿನಲ್ಲಿರ್ತೀನಿ” ಎಂದ. ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ 350 ಕಿಲೋಮೀಟರು, ಆರು ಗಂಟೆಯ ಪ್ರಯಾಣ. ಅವನ ಲೆಕ್ಕ ಸರಿ.

ರೈಲು ಹೋಗದ ಊರುಗಳೂ ಉಂಟು. ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು ಮಾತನಾಡುವುದು 36,000 ಕಿಲೋಮೀಟರು ಮೇಲಿರುವ ಉಪಗ್ರಹಗಳೊಡನೆ, ಅಲ್ಲಿಗೆ ಏಣಿಯಿಲ್ಲ. ಮಂಗಳ ಗ್ರಹದಲ್ಲಿಳಿದು ಆರು ವರ್ಷ ದುಡಿದ ಅಮೆರಿಕದ ವೈಕಿಂಗ್ 1 ಎಂಬ ನೌಕೆಗೆ 1982ರ ನವೆಂಬರಿನಲ್ಲಿ ಬ್ಯಾಟರಿ ತುಂಬುವ ಕ್ರಮವನ್ನು ಸುಧಾರಿಸಲು ಹೊಸ ತಂತ್ರಾಂಶ ಕಳಿಸಿದರು. ಅದು ಹೋಗಿ, ಆಂಟೆನಾವನ್ನು ಭೂಮಿಯ ಕಡೆಗೆ ತಿರುಗಿಸುವ ಲೆಕ್ಕ ಬರೆದಿದ್ದ ಜಾಗದ ಮೇಲೆಯೇ ಕುಳಿತಿತು. ನೌಕೆ ಮತ್ತೆ ಮಾತನಾಡಲಿಲ್ಲ. ಬ್ಯಾಟರಿಗೆ ಮಾಡಿದ ಉಪಕಾರದಿಂದ ಕಿವಿಯೇ ಹೋಯಿತು. ವಾಯೇಜರ್ 1ರ ಕಥೆ ಸುಖಾಂತ. 2023ರ ನವೆಂಬರಿನಲ್ಲಿ ಅದರ ಸ್ಮೃತಿಯ ಒಂದು ಚಿಪ್ಪು ಕೆಟ್ಟು ಅರ್ಥವಿಲ್ಲದ ಮಾತುಗಳು ಬರತೊಡಗಿದವು. 2,400 ಕೋಟಿ ಕಿಲೋಮೀಟರು ದೂರ. ಒಂದು ಮಾತು ಹೋಗಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಇನ್ನಷ್ಟೇ. ತಂತ್ರಾಂಶವನ್ನು ತುಂಡು ತುಂಡಾಗಿ ಬೇರೆ ಜಾಗಗಳಿಗೆ ಸಾಗಿಸಿ 2024ರ ಏಪ್ರಿಲ್ 18ರಂದು ಆಜ್ಞೆ ಕಳಿಸಿದರು, 20ರಂದು ಉತ್ತರ ಬಂತು. ಆ ಎರಡು ದಿನ ಅವರು ಊಟ ಹೇಗೆ ಮಾಡಿದರೋ.

ನಮ್ಮ ಹುಡುಗನ ಕ್ರಮಕ್ಕೆ ಹಿಂತಿರುಗೋಣ. ವಿಶಾಖಪಟ್ಟಣದ ಶಾಖೆಗೆ ನೆಲದ ಕೇಬಲ್ಲಿನ ಕೊಂಡಿ ಒಂದಿದೆ. ಅದರ ಜೊತೆಗೆ ಅವನು ರೂಟರಿನ ಬೆನ್ನಿಗೆ, ಅದರ ಸ್ವಂತ ಕಿಂಡಿಗೆ, ಬೇರೆ ಕಂಪೆನಿಯ ಸಿಮ್ಮಿರುವ ಸಣ್ಣ ಮೋಡೆಮ್ಮೊಂದನ್ನು ಕಟ್ಟಿಸಿದ್ದಾನೆ. ಆ ಕಿಂಡಿಯಲ್ಲಿ ಮಾತನಾಡಲು ರೂಟರಿಗೆ ದಾರಿಯ ಪಟ್ಟಿ ಬೇಡ. ತಂತ್ರಾಂಶ ಕೂರದೆ ಹೋದರೂ ಅದು ತೊದಲುವುದು ಕೇಳಿಸುತ್ತದೆ. ಅಲ್ಲಿಗೆ ಹೊಗಲು ಬೇಕಾದ ಗುಪ್ತಪದ ವಿಜಯವಾಡದ ಯಂತ್ರವನ್ನು ಕೇಳುವಂಥದಲ್ಲ, ಅಲ್ಲಿಯೇ ಇರುವಂಥದು. ಅದರ ಪ್ರತಿ ಅರಗಿನ ಮುದ್ರೆಯ ಲಕೋಟೆಯಲ್ಲಿ ಶಾಖೆಯ ಬೀರುವಿನಲ್ಲಿದೆ. ಈ ಮೋಡೆಮ್ಮಿಗೆ ಮಂಜೂರಾತಿ ಕೇಳಿದಾಗ ಮೇಲಿನವರು ‘ಒಂದು ಕೊಂಡಿ ಇರುವಾಗ ಇನ್ನೊಂದೇಕೆ?’ ಎಂದು ಷರಾ ಬರೆದರು. ನಾವು 2014ರ ಅಕ್ಟೋಬರ್ 12ನ್ನು ನೆನಪಿಸಿ ಮರು ಟಿಪ್ಪಣಿ ಇಟ್ಟೆವು. ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣವನ್ನು ಹಾದ ಆ ಭಾನುವಾರ ಕರೆಂಟೂ ಫೋನೂ ಕೂಡಿ ಹೋದುವು. ಊರಿನಿಂದ ಹೊರಗಿದ್ದ ನಮ್ಮವರಿಗೆ ಮನೆಯವರ ಸುದ್ದಿ ದಿನಗಟ್ಟಲೆ ಸಿಗಲಿಲ್ಲ. ಎರಡು ತಂತಿ ಒಂದೇ ಕಂಬದ ಮೇಲಿದ್ದರೆ ಅವು ಎರಡಲ್ಲ, ಒಂದೇ. ಮಂಜೂರಾತಿ ಬಂತು.

ಕೆಲಸದ ದಿನ ಅವನು ಮೊದಲು ಶಾಖೆಯ ಅಟೆಂಡರಿಗೆ ಫೋನು ಮಾಡುತ್ತಾನೆ. ಅವರು ನಿವೃತ್ತಿಗೆ ಹತ್ತಿರದವರು, ಇವನು ಅವರನ್ನು ಬಾಬಾಯ್ ಎನ್ನುತ್ತಾನೆ. ಹಿಂದೊಮ್ಮೆ ‘ಪೆಟ್ಟಿಗೆಯ ಸ್ವಿಚ್ಚು ಆರಿಸಿ’ ಎಂದಾಗ ಅವರು ಸಾಹೇಬರ ಕೋಣೆಯ ಏಸಿಯನ್ನು ಆರಿಸಿಬಂದರಂತೆ. ಅಂದಿನಿಂದ ರೂಟರಿನ ಮೇಲೂ ಅದರ ಸ್ವಿಚ್ಚಿನ ಮೇಲೂ ಕೆಂಪು ಬಣ್ಣದಲ್ಲಿ ತೆಲುಗು ಅಕ್ಷರದ ಚೀಟಿ ಅಂಟಿಸಿದೆ. ಆಮೇಲೆ ತಂತ್ರಾಂಶದ ಕಡತ ಪೂರ್ತಿ ಬಂದಿದೆಯೇ ಎಂದು ಅದರ ಬೆರಳಚ್ಚಿನ ಸಂಖ್ಯೆಯನ್ನು ತಾಳೆ ನೋಡುತ್ತಾನೆ. ತಾನು ಕುಳಿತಿರುವ ವಿಳಾಸಕ್ಕೆ ಮಾತ್ರ ಕೈಯಿಂದ ಬರೆದ ಒಂದು ಖಾಯಂ ದಾರಿಯನ್ನು ಸೇರಿಸುತ್ತಾನೆ; ತಂತ್ರಾಂಶ ತಾನು ಕಲಿತ ದಾರಿಗಳನ್ನು ಅಳಿಸಿದರೂ ಅದು ಉಳಿಯುತ್ತದೆ. ಅವನು ಕೊಟ್ಟ ಆಜ್ಞೆಗಳು ಅವನ ಕೊಂಡಿ ಕಡಿದರೂ ಅಲ್ಲಿಯೇ ನಡೆದು ಮುಗಿಯುವಂತೆ ಮೊದಲೇ ಒಂದು ಏರ್ಪಾಡು. ನೆರೆಯ ರೂಟರುಗಳಿಗೆ ‘ಇವನು ಸ್ವಲ್ಪ ಹೊತ್ತು ಮೌನವಾಗಿರುವನು, ಪಟ್ಟಿಯಿಂದ ಹೊಡೆಯಬೇಡಿ’ ಎಂದು ತಿಳಿಸುವ ಪದ್ಧತಿಯೂ ಉಂಟು. ಆಗ ದಾರಿ ಬರೆಯುವ ಭಾಗ ಮಲಗಿದ್ದರೂ ಗಾಡಿ ಬಿಡುವ ಭಾಗ ಹಳೆಯ ಪಟ್ಟಿಯಂತೆ ಬಿಡುತ್ತಲೇ ಇರುತ್ತದೆ. ನೆರೆಯವರೆಲ್ಲ ಇದನ್ನು ಒಪ್ಪಿರಬೇಕು, ಅಷ್ಟೆ. ಎರಡು ತುದಿಗಳನ್ನೂ ಬದಲಾಯಿಸುವುದಿದ್ದರೆ ಅವನು ದೂರದ ತುದಿಯನ್ನು ಮೊದಲು ಮಾಡುತ್ತಾನೆ. ಹತ್ತಿರದ್ದನ್ನು ಮೊದಲು ಮಾಡಿದರೆ ದೂರದ್ದಕ್ಕೆ ಹೇಳುವವರು ಯಾರು? ಎರಡನ್ನೂ ಒಂದೇ ದಿನ ಮಾಡುವುದಂತೂ ಇಲ್ಲ.

ಕಳೆದ ಸಲ ಅವನು ಕೊನೆಯ ಆಜ್ಞೆ ಒತ್ತಿದಾಗ ಗಡಿಯಾರ ಹತ್ತೂ ಇಪ್ಪತ್ತು. ಪರದೆಯ ಮೇಲೆ ‘ಉತ್ತರವಿಲ್ಲ, ಉತ್ತರವಿಲ್ಲ’ ಎಂಬ ಸಾಲು ಇಳಿಯತೊಡಗಿತು. ಒಂದು ನಿಮಿಷ, ಎರಡು ನಿಮಿಷ. ನಾವು ಏನೋ ಕೇಳಲು ಬಾಯಿ ತೆರೆದೆವು. ಅವನು ಕೈಯೆತ್ತಿ ತಡೆದ. ಪಕ್ಕದ ಸಣ್ಣ ಪರದೆಯಲ್ಲಿ, ಆ ಸಿಮ್ಮಿನ ದಾರಿಯಿಂದ, ರೂಟರು ತನ್ನ ಪಾಡಿಗೆ ತಾನು ಏನೇನೋ ಬರೆದುಕೊಳ್ಳುತ್ತಿರುವುದು ಕಾಣುತ್ತಿತ್ತು. ನಾಲ್ಕನೆಯ ನಿಮಿಷಕ್ಕೆ ಉತ್ತರ ಬಂತು. ಅವನು ಇನ್ನೂ ಏಳಲಿಲ್ಲ. ಶಾಖೆಯ ಕಂಪ್ಯೂಟರಿನಿಂದ ಬಿಲ್ಲಿನ ಪುಟ ತೆರೆಯುವುದೇ ಎಂದು ಬಾಬಾಯಿಯಿಂದ ತೆರೆಸಿ ನೋಡಿ, ಫೋನು ಮಾಡಿಸಿ ನೋಡಿ, ಆಮೇಲೆ ‘ತಾನಾಗಿ ಹಿಂತಿರುಗು’ ಎಂಬ ಆಜ್ಞೆಯನ್ನು ರದ್ದು ಮಾಡಿದ. ಹಳೆಯ ಪ್ರತಿಯನ್ನು ಅಳಿಸಲಿಲ್ಲ. ಒಂದು ತಿಂಗಳು ಇರಲಿ ಎಂದ.

ಫೋನಿನಲ್ಲಿ ಬಾಬಾಯಿ ಇನ್ನೂ ಇದ್ದರು. ಕೆಲಸ ಮುಗಿದಿದ್ದರೆ ಚಹಾಕ್ಕೆ ಹೋಗಬಹುದೇ ಎಂದು ಕೇಳುತ್ತಿದ್ದರು.